ಎಡೆಗಿಟ್ಟ ಚಿತ್ರಪುಸ್ತಕ

ದೇವೀರಮ್ಮನವರಿಗೆ ಪಿಸುಗುಟ್ಟಲು ಬರುವುದಿಲ್ಲ. ಹಿನಕಲ್‌ನ ಹಳೇ ಬೀದಿಯಲ್ಲಿ ಮೂವತ್ತು ವರ್ಷದಿಂದ ಹಿಟ್ಟಿನ ಮಿಲ್ ನಡೆಸುತ್ತಾ, ಓಡುವ ಮಿಶನ್ನಿಗಿಂತ ಜೋರಾಗಿ ಮಾತಾಡಿ ಅಭ್ಯಾಸವಾಗಿದೆ. ಮಿಶನ್ ನಿಂತಿರುವಾಗಲೂ ಗಂಟಲು ತಗ್ಗುವುದಿಲ್ಲ. ಹಾಗಾಗಿ ಆ ದಿನ ಬೆಳಿಗ್ಗೆ ಅವರು ಮಹಡಿ ಮೆಟ್ಟಿಲ ಕೆಳಗೆ ನಿಂತು, “ಯಾರ್ಗೂ ಹೇಳ್ಬ್ಯಾಡ ಕಣಪ್ಪ, ಬಾಗ್ಲ ಮೇಲೆ ಬರ್ದಿದ್ದು ಇವತ್ತೂ ಅಳಿಸಿ ಹೋಗ್ಬುಟ್ಟದೆ” ಎಂದು ನನಗೆ ಗುಟ್ಟು ಹೇಳಿದಾಗ, ಎದುರುಮನೆಯ ಮಂಗಳಮ್ಮ ಹಲ್ಲುಜ್ಜುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು.

ಬಾಗಿಲ ಮೇಲೆ ಬರೆಯುತ್ತಿದ್ದದ್ದು ಎರಡೇ ಪದ: ನಾಳೆ ಬಾ. ಮುಸ್ಸಂಜೆ ದೀಪ ಹಚ್ಚುವ ಮುಂಚೆ ಸೀಮೆಸುಣ್ಣದಲ್ಲಿ ಬರೆಯುವುದು. ಮನೆಗೆ ಬರುವ ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತದೆ. ಮರುದಿನ ಬಂದರೆ ಆಗಲೂ ನಾಳೆ ಬಾ ಎಂದೇ ಇರುತ್ತದೆ. ನಮ್ಮ ಕಡೆಯ ಹಳೇ ಉಪಾಯ ಇದು. ಯಾವುದಾದರೂ ಕಚೇರಿಗೆ ಅಲೆದವರಿಗೆ ಇದರ ಶಕ್ತಿ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಅವರ ಮಹಡಿ ಕೋಣೆಯ ಬಾಡಿಗೆದಾರ, ಮಹದೇವಪ್ರಸಾದ್. ಹುಣಸೂರು ರಸ್ತೆಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ. ನನ್ನ ಕಾರ್ಡಿನಲ್ಲಿ ‘ಕ್ರಿಯೇಟಿವ್ ಹೆಡ್’ ಎಂದಿದೆ. ಕಾರ್ಡು ಪ್ರಿಂಟ್ ಹಾಕುವವನೂ ನಾನೇ ಆದ್ದರಿಂದ ತಡೆಯುವವರಿರಲಿಲ್ಲ. ದಿನವಿಡೀ ಮಾಡುವುದು ಮಾತ್ರ ಯಾರದೋ ಹುಟ್ಟುಹಬ್ಬಕ್ಕೆ ಕೂಲಿಂಗ್ ಗ್ಲಾಸ್ ಹಾಕಿದ ಮುಖಗಳನ್ನು ಕತ್ತರಿಸಿ ಸಾಲಾಗಿ ಅಂಟಿಸುವ ಕೆಲಸ. ಈ ಮನೆಗೆ ಬಂದ ಮೊದಲ ದಿನ ದೇವೀರಮ್ಮನವರನ್ನು ಆಂಟಿ ಎಂದೆ. “ಯಾಕೆ, ನಿಮ್ಮೂರಲ್ಲಿ ಅಜ್ಜೀರು ಖರ್ಚಾಗೋದ್ರಾ?” ಎಂದರು. ಅಂದಿನಿಂದ ಅಜ್ಜಿ.

ಅಜ್ಜಿ ಇಲವಾಲದ ಕಡೆಯವರು. ಮದುವೆಯಾಗಿ ಬಂದಾಗ ಹಿನಕಲ್ ಇನ್ನೂ ಹಳ್ಳಿ. ಮನೆಯ ಹಿಂದೆಯೇ ರಾಗಿ ಹೊಲ. ಹೊಲ ಸೈಟುಗಳಾದ ಮೇಲೆ ಗಂಡ ರಾಮಯ್ಯನವರು, “ಬೆಳೆಯೋದಂತೂ ಹೋಯ್ತು, ಬೀಸೋದನ್ನಾದ್ರೂ ಮಾಡಣ” ಎಂದು ಮುಂದಿನ ಕೋಣೆಯಲ್ಲಿ ಮಿಲ್ ಹಾಕಿಸಿದರಂತೆ. ಅವರು ಹೋದಾಗ ಮಿಶನ್ ಮಾರಿಬಿಡು ಎಂದು ನೆಂಟರೆಲ್ಲ ಹೇಳಿದರು. ಅಜ್ಜಿ ಮಾರಲಿಲ್ಲ. ಸೆರಗು ಸಿಕ್ಕಿಸಿ ಬೆಲ್ಟ್ ಹಾಕುವುದನ್ನು ಕಲಿತರು, ಗೋಧಿ ತಂದವರು ರಾಗಿ ಬೀಸಿದ ಮೇಲೆ ನಮ್ಮದು ಹಾಕಬೇಡಿ ಎಂದು ಜಗಳಕ್ಕೆ ಬಂದರೆ ಜಗಳವಾಡುವುದನ್ನು ಕಲಿತರು, ಆ ಹಿಟ್ಟಿನಲ್ಲೇ ಒಬ್ಬಳೇ ಮಗಳು ಬಿಂದುವನ್ನು ಪಿಯುಸಿವರೆಗೆ ಓದಿಸಿ ಮದುವೆ ಮಾಡಿದರು. ಅವರ ತಲೆ ನೆರೆತಿದೆಯೋ, ಹಿಟ್ಟು ಕೂತಿದೆಯೋ ಎಂಬುದು ಎಣ್ಣೆಸ್ನಾನದ ದಿನ ಮಾತ್ರ ಗೊತ್ತಾಗುತ್ತದೆ.

ಅಳಿಯ ಸ್ವರೂಪ್ ದೂರದ ಊರುಗಳಿಗೆ ಲಾರಿ ಓಡಿಸುವವನು. ಹೀಗಾಗಿ ಬಿಂದು ಮತ್ತು ಅವಳ ಮಗಳು ಸಿಂಚನ ಅಜ್ಜಿಯ ಜೊತೆಗೇ ಇದ್ದರು. ಬಿಂದುಗೆ ಹೂಟಗಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಸಂಜೆ ಕಂಪನಿ ಬಸ್ಸು ಹಿನಕಲ್ ಫ್ಲೈಓವರ್ ಹತ್ತಿರ ಇಳಿಸಿ ಹೋಗುತ್ತಿತ್ತು. ಸಿಂಚನ ಒಂದನೇ ಕ್ಲಾಸು. ಅವಳಿಗೆ ಓದಲು ಕಲಿಸಿದವನು ನಾನು. ಅಂಗಡಿಯಲ್ಲಿ ಹಾಳಾದ ಫ್ಲೆಕ್ಸುಗಳಿಂದ ದೊಡ್ಡ ದೊಡ್ಡ ಅಕ್ಷರ ಕತ್ತರಿಸಿ ತಂದು ಆಡಲು ಕೊಟ್ಟೆ. ರಾಜಕಾರಣಿಗಳ ಹೆಸರು ಕೊನೆಗೂ ಒಂದು ಉಪಯೋಗಕ್ಕೆ ಬಂತೆಂದು ಹೆಮ್ಮೆಪಟ್ಟೆ. ಜೂನ್ ಮುಗಿಯುವಷ್ಟರಲ್ಲಿ ಬೀದಿಯ ಬೋರ್ಡುಗಳನ್ನೆಲ್ಲ ಓದುತ್ತಿದ್ದಳು.

ಜುಲೈನಲ್ಲಿ ಬಿಂದುಗೆ ಜ್ವರ ಬಂತು. ಡೆಂಗ್ಯೂ ಎಂದರು. ಆಟೋ ಹತ್ತುವಾಗ ಮಗಳ ಕೆನ್ನೆ ಹಿಂಡಿ, “ನಾಳೆ ಬಂದ್ಬುಡ್ತೀನಿ ಕಣೇ, ಅಜ್ಜಿಗೆ ಕಾಟ ಕೊಡ್ಬೇಡ” ಎಂದಳು. ಬರಲಿಲ್ಲ.

ಮಗುವಿಗೆ ಹೇಳುವುದು ಬೇಡ ಎಂದು ಬೀದಿಗೆ ಬೀದಿಯೇ ತೀರ್ಮಾನಿಸಿತು. ಮಣ್ಣು ಮಾಡುವ ದಿನ ಸಿಂಚನಳನ್ನು ಮಂಗಳಮ್ಮನ ಮನೆಯ ಒಳಕೋಣೆಯಲ್ಲಿ ಟಿವಿ ಮುಂದೆ ಕೂರಿಸಿದರು. ಫೋಟೊಗಳೆಲ್ಲ ಅಟ್ಟ ಸೇರಿದವು. ಬೀದಿ ತುದಿಯಲ್ಲಿ ಕಟ್ಟಲೆಂದು ನಾನೇ ಮಾಡಿ ತಂದಿದ್ದ ಶ್ರದ್ಧಾಂಜಲಿ ಫ್ಲೆಕ್ಸ್ ಕೂಡ ಕಟ್ಟದೆಯೇ ಮಡಿಸಿ ಅಟ್ಟಕ್ಕೆ ಹೋಯಿತು. ಅಮ್ಮ ಎಲ್ಲಿ ಎಂದು ಸಿಂಚನ ಕೇಳಿದರೆ ಎಲ್ಲರದೂ ಒಂದೇ ಉತ್ತರ: ಆಸ್ಪತ್ರೆಯಲ್ಲಿದ್ದಾಳೆ, ನಾಳೆ ಬರುತ್ತಾಳೆ. ನಾನೂ ಹೇಳಿದೆ. ಚೆನ್ನಾಗಿಯೇ ಹೇಳಿದೆ, ಚಾಕೊಲೇಟ್ ಸಮೇತ.

ತಿಥಿ ಕಳೆದ ಮೇಲೆ ಸಿಂಚನಳಿಗೂ ಜ್ವರ ಬಂತು. ಡಾಕ್ಟರು ಬರೀ ಶೀತ ಎಂದರು. ಆದರೆ ಜ್ವರದಲ್ಲಿ ಅವಳು, “ಅಮ್ಮ ಕರೀತಾವ್ಳೆ” ಎಂದು ಬಡಬಡಿಸಿದ್ದನ್ನು ಅಜ್ಜಿ ಕೇಳಿಸಿಕೊಂಡರು. ಬಾಗಿಲ ಮೇಲೆ ಬರಹ ಶುರುವಾದದ್ದು ಆಗಿನಿಂದ. ಬೆಳಿಗ್ಗೆ ಅದು ಅಳಿಸಿಹೋಗಲು ಶುರುವಾದದ್ದು ಪಿತೃಪಕ್ಷಕ್ಕೆ ಇನ್ನೇನು ಎರಡು ವಾರವಿದೆ ಎನ್ನುವಾಗ.

ಅಳಿಸುತ್ತಿದ್ದವರು ಯಾರೆಂದು ಕಂಡುಹಿಡಿದದ್ದು ನನ್ನ ಬುದ್ಧಿವಂತಿಕೆಯಿಂದಲ್ಲ, ನೀರು ಬರುವ ದಿನ ಬೇಗ ಏಳಬೇಕಿತ್ತು, ಅಷ್ಟೇ. ಬಕೆಟ್ ಹಿಡಿದು ಮೆಟ್ಟಿಲಿಳಿಯುತ್ತಿದ್ದೆ. ಸಿಂಚನ ತುದಿಗಾಲಲ್ಲಿ ನಿಂತು, ಒದ್ದೆ ಮಾಡಿದ ಲಂಗದ ಅಂಚಿನಿಂದ ಬಾಗಿಲು ಒರೆಸುತ್ತಿದ್ದಳು. ‘ಬಾ’ದ ದೀರ್ಘ ಎಟುಕದೆ ಹಾರಿ ಹಾರಿ ಒರೆಸಿದಳು. ನನ್ನನ್ನು ನೋಡಿ ಬೆರಳು ತುಟಿಗಿಟ್ಟಳು.

ಅಜ್ಜಿಗೆ ಹೇಳಿದರೆ ನಕ್ಕು ನಾಲ್ಕು ಬೈದು ಹಗುರಾಗುತ್ತಾರೆಂದು ಅಂದುಕೊಂಡಿದ್ದೆ. ಅವರು ನಗಲಿಲ್ಲ. ಕೈಯಲ್ಲಿದ್ದ ಜರಡಿಯನ್ನು ನಿಧಾನವಾಗಿ ಕೆಳಗಿಟ್ಟರು.

“ಅವ್ಳೇ ಅಳಿಸ್ತಾವ್ಳಾ? ಅಳ್ಸು ಅಂತ ಅವ್ಳಿಗೆ ಹೇಳ್ಕೊಟ್ಟೋರು ಯಾರು?”

“ಯಾರೂ ಇಲ್ಲ ಅಜ್ಜಿ. ಮಗು. ಆಟ ಆಡ್ತಾಳೆ.”

“ನಿಂಗೆ ಗೊತ್ತಾಗಲ್ಲ ಸುಮ್ಕಿರು. ನೀನು ಬೋರ್ಡ್ ಬರೆಯೋನು.”

ಆ ಸಂಜೆಯಿಂದ ಅಜ್ಜಿ ಬರಹವನ್ನು ತಮ್ಮ ಎತ್ತರಕ್ಕೆ, ಮಗುವಿಗೆ ಎಟುಕದಷ್ಟು ಮೇಲೆ ಬರೆದರು. ಸಿಂಚನ ಹೊಸಿಲ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ಸ್ಟೂಲ್ ತರಲು ಹೋದರೆ ಅಜ್ಜಿಯ ಕಣ್ಣು. ಊಟ ಮಾಡು ಎಂದರೆ ತುತ್ತು ಬಾಯಲ್ಲೇ ಇಟ್ಟುಕೊಂಡು ಬಾಗಿಲು ನೋಡುವಳು. ಮುಸ್ಸಂಜೆ ಬಂತೆಂದರೆ ಆ ಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿದ್ದರು. ನಂಬುವವನಲ್ಲ ನಾನು. ಆದರೂ ಕೆಲವು ದಿನ ಕೋಣೆಯ ಲೈಟು ಹಾಕಿಯೇ ಮಲಗಿದೆ.

ನಂತರದ ಗುರುವಾರ ಕೆಲಸ ಮುಗಿಸಿ ಬಂದರೆ ಮಿಲ್ ನಿಂತಿತ್ತು. ಕಾಳು ಅರ್ಧ ಬೀಸಿ ಮಿಶನ್ ನಿಲ್ಲಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಜ್ಜಿ ಬೀದಿಯ ಮಧ್ಯೆ ಹಿಟ್ಟಿನ ಕೈಯಲ್ಲೇ ನಿಂತಿದ್ದರು.

“ಕೂಸು ಇಲ್ಲ ಕಣಪ್ಪ.”

ಮಂಗಳಮ್ಮನ ಮನೆ, ಅಂಗಡಿ, ಸ್ಕೂಲು, ದೇವಸ್ಥಾನದ ಹಿಂಭಾಗ ಎಲ್ಲ ನೋಡಿ ಆಗಿತ್ತಂತೆ. ಬೆಳಕು ಇಳಿಯುತ್ತಿತ್ತು. ಸ್ಕೂಟರ್ ತಿರುಗಿಸಿದೆ. ಅಜ್ಜಿ ಹಿಂದೆ ಹತ್ತಿ ಕೂತು ನನ್ನ ಭುಜ ಹಿಡಿದರು. ಮೊದಲು ಕೆರೆ ಕಡೆ ನಡಿ ಎಂದರು. ಹೊರಡುವಷ್ಟರಲ್ಲೇ ಗಾಡಿ ಆಫ್ ಆಯಿತು. ಆ ಸಮಯದಲ್ಲೂ ಚೋಕ್ ಎಳೆಯುವುದೋ ಬಿಡುವುದೋ ಎಂದು ಯೋಚಿಸಿದ ಮಹಾಶಯ ನಾನು. ಕೆರೆ ಏರಿಯ ಮೇಲೆ ಯಾರೂ ಇರಲಿಲ್ಲ. ನೀರನ್ನು ನೋಡಲು ಅಜ್ಜಿ ಗಾಡಿಯಿಂದ ಇಳಿಯಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡೇ, “ನೀನೇ ನೋಡಪ್ಪ” ಎಂದರು. ನೋಡಿದೆ. ಬರೀ ನೀರಿತ್ತು.

ರಿಂಗ್ ರೋಡು ಸೇರುವಲ್ಲಿ, ಫ್ಲೈಓವರ್ ಕೆಳಗೆ, ಲಾರಿ ಬಸ್ಸುಗಳ ಹಾರ್ನಿನ ನಡುವೆ ಒಂದು ಕಂಬಕ್ಕೆ ಒರಗಿ ಸಿಂಚನ ನಿಂತಿದ್ದಳು. ಬೆನ್ನಲ್ಲಿ ಸ್ಕೂಲ್ ಬ್ಯಾಗು. ಅಜ್ಜಿ ಗಾಡಿ ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿದರು. ಒಂದು ಟೆಂಪೊ ಅವರ ಸೆರಗು ಸವರಿಕೊಂಡು ಹೋಯಿತು. ಅಜ್ಜಿ ಹೊಡೆಯಲು ಎತ್ತಿದ ಕೈಯನ್ನು ಮಗುವಿನ ತಲೆಯ ಮೇಲಿಟ್ಟರು. ತಲೆಯೆಲ್ಲ ಹಿಟ್ಟಾಯಿತು.

“ಯಾಕ್ ಬಂದೆ ಇಲ್ಲಿಗೆ? ಯಾರು ಕರೆದ್ರು? ಹೇಳು, ಯಾರು ಕರೆದ್ರು ನಿನ್ನ?”

“ಯಾರೂ ಕರೀಲಿಲ್ಲ. ನಾನೇ ಬಂದೆ.” ಸಿಂಚನಳ ಕಣ್ಣು ಬಸ್ಸುಗಳ ಮೇಲೇ ಇತ್ತು. “ಅಮ್ಮ ದಿನಾ ಬಾಗ್ಲ ತನಕ ಬರ್ತಾಳೆ ಅಜ್ಜಿ. ಬಂದು, ನೀನು ಬರೆದಿದ್ದು ಓದ್ಕೊಂಡು ವಾಪಸ್ ಹೋಗ್ಬಿಡ್ತಾಳೆ. ಅಳಿಸೋಣ ಅಂದ್ರೆ ಎಟುಕ್ತಿಲ್ಲ. ಅದಕ್ಕೆ ಬಸ್ ಸ್ಟಾಪಲ್ಲೇ ಹಿಡ್ಕೊಳ್ಳೋಣ ಅಂತ ಬಂದೆ.”

ಅಜ್ಜಿ ಅಲ್ಲೇ ಕಂಬದ ಬುಡದಲ್ಲಿ ಕೂತುಬಿಟ್ಟರು. ನಾನು ಏನೋ ಸಮಾಧಾನ ಹೇಳಲು ಹೋದೆ. ಹಾಗಲ್ಲ ಪುಟ್ಟ, ಅದು ದೆವ್ವಕ್ಕೆ ಬರೆದಿರೋದು, ನಿಮ್ಮಮ್ಮನಿಗಲ್ಲ ಎಂದೆ. ಅಜ್ಜಿ ಅಲ್ಲವೆಂದು ತಲೆಯಾಡಿಸಿ ನನ್ನ ಮಾತು ತಡೆದರು. ಅವರು ಹೇಳಿದ್ದು ಹಾರ್ನುಗಳ ನಡುವೆಯೂ ನನಗೆ ಸ್ಪಷ್ಟವಾಗಿ ಕೇಳಿಸಿತು.

“ಕೂಸು ಸರಿಯಾಗೇ ಓದ್ಕೊಂಡದೆ. ನಾನು ಬರ್ದಿದ್ದು ಅವ್ಳಿಗೇ.”

ಹೆತ್ತ ಮಗಳು ಸತ್ತ ಮೇಲೆ ತನ್ನ ಕೂಸನ್ನು ಕರೆದೊಯ್ಯಲು ಬರುತ್ತಾಳೆ ಎಂದು ಹೆದರಿ, ದಿನಾ ಸಂಜೆ ಅವಳಿಗೆ ನಾಳೆ ಬಾ ಎನ್ನುತ್ತಿದ್ದ ತಾಯಿ. ದಿನಾ ಬೆಳಿಗ್ಗೆ ಅದನ್ನು ಅಳಿಸುತ್ತಿದ್ದ ಆ ಕೂಸು. ನಡುವೆ ಅಕ್ಷರ ಕಲಿಸಿದ ಪುಣ್ಯಾತ್ಮ ನಾನು.

ಏನಾದರೂ ಮಾಡಲೇಬೇಕು ಎನಿಸಿತು. ಕ್ರಿಯೇಟಿವ್ ಹೆಡ್ಡಿಗೆ ಹೊಳೆದದ್ದು ಚಿತ್ರಪುಸ್ತಕ. ನಿನ್ನೆ, ಇವತ್ತು, ನಾಳೆ ಎಂದರೇನು, ಹೋದವರು ಎಲ್ಲಿರುತ್ತಾರೆ ಎಂದು ಮಗುವಿಗೆ ಚಿತ್ರದಲ್ಲಿ ತಿಳಿಸುವುದು. ಭಾನುವಾರ ಅಂಗಡಿಯ ಕಂಪ್ಯೂಟರಿನಲ್ಲಿ ಕೂತು ಮುಗಿಸಿದೆ. ಹೆಸರು ‘ಕಾಲಚಕ್ರ’. ಮೊದಲ ವಾಕ್ಯ ‘ಕಾಲವು ನದಿಯಂತೆ ಹರಿಯುತ್ತದೆ’. ಬಿಂದುವಿನ ಒಂದು ಫೋಟೊವನ್ನು ಮೊಬೈಲ್ ಆ್ಯಪಿಗೆ ಕೊಟ್ಟು ಕಾರ್ಟೂನ್ ಮಾಡಿಸಿದೆ. ಅದು ದೊಡ್ಡ ಕಣ್ಣು, ಕೆಂಪು ಕೆನ್ನೆ, ಹಿಂದೆ ಹಿಮದ ಬೆಟ್ಟ ಹಾಕಿಕೊಟ್ಟಿತು. ಬೆಟ್ಟ ಚೆನ್ನಾಗಿದೆ ಎಂದು ಹಾಗೇ ಬಿಟ್ಟೆ.

ಸಿಂಚನ ಮಿಲ್ಲಿನ ಕಟ್ಟೆಯ ಮೇಲೆ ಕೂತು ಪುಟ ತೆರೆದಳು.

“ಇವ್ರು ಯಾರು ಮಾಮ?”

“ನಿಮ್ಮಮ್ಮ.”

“ಸುಳ್ಳು. ಅಮ್ಮನ ಹಲ್ಲು ಹಿಂಗಿಲ್ಲ. ಒಂದು ಹಲ್ಲಿನ ಮೇಲೆ ಇನ್ನೊಂದು ಹಲ್ಲು ಕೂತಿದೆ.” ಇನ್ನೊಂದು ಪುಟ ತಿರುವಿದಳು. “ನದಿ ಯಾಕಿದೆ? ನಮ್ಮನೆ ಹತ್ರ ಎಲ್ಲಿದೆ ನದಿ?” ಪುಸ್ತಕ ಮುಚ್ಚಿ ನನ್ನ ತೊಡೆಯ ಮೇಲಿಟ್ಟಳು. “ನೀನು ಎಲ್ಲಾರ ಹಲ್ಲೂ ಸರಿ ಮಾಡಿ ಮಾಡಿ ಅಭ್ಯಾಸ ಆಗೋಗಿದೆ ಅಲ್ವಾ ಮಾಮ.”

ಫ್ಲೆಕ್ಸ್ ಕೆಲಸದ ಬಗ್ಗೆ ಇಷ್ಟು ನಿಖರವಾದ ವಿಮರ್ಶೆ ನನಗೆ ಇದುವರೆಗೆ ಬಂದಿರಲಿಲ್ಲ. ಅಜ್ಜಿ ಮಿಶನ್ ನಿಲ್ಲಿಸಿ ಒಳಗೆ ಹೋದರು. ಅಟ್ಟದ ಸದ್ದಾಯಿತು. ಬಿಂದುವಿನ ಒಂದು ಫೋಟೊ ತಂದು ಸೆರಗಿನಲ್ಲಿ ಒರೆಸಿ ಮಗುವಿನ ಮುಂದೆ ಇಟ್ಟರು. ಫೋಟೊದಲ್ಲಿ ಬಿಂದು ಬಾಯ್ತುಂಬಾ ನಗುತ್ತಿದ್ದಳು, ಹಲ್ಲಿನ ಮೇಲೆ ಹಲ್ಲು.

“ಇದನ್ನ ನೋಡ್ಕೊಂಡು ನೀನೇ ಬರಿ ಮಗ. ಆ ಮಾಮನ ಕೈಲಿ ಆಗಲ್ಲ.”

ಹೀಗೆ ಎರಡನೇ ಪುಸ್ತಕ ಶುರುವಾಯಿತು. ಹಾಳಾದ ಮದುವೆ ಕಾರ್ಡುಗಳ ಹಿಂಭಾಗದ ದಪ್ಪ ಹಾಳೆಯ ಮೇಲೆ ಸಿಂಚನ ಚಿತ್ರ ಬರೆದಳು; ಕೆಳಗೆ ಅವಳು ಹೇಳಿದ್ದನ್ನು ದಪ್ಪ ಅಕ್ಷರದಲ್ಲಿ ಬರೆಯುವುದಷ್ಟೇ ನನ್ನ ಕೆಲಸ. ಮೊದಲ ಪುಟದಲ್ಲಿ ಅಮ್ಮ ಬಸ್ಸಿನಿಂದ ಇಳಿದಳು, ಬಸ್ಸಿಗಿಂತ ಎರಡರಷ್ಟು ಎತ್ತರ. ಇನ್ನೊಂದರಲ್ಲಿ ಅಮ್ಮ ಜಡೆ ಹಾಕುತ್ತಿದ್ದಳು. ಕೆಳಗೆ, ‘ಬಿಗಿಯಾಗಿ ಹಾಕಿದ್ರೆ ನೋಯುತ್ತೆ ಅಂದ್ರೂ ಕೇಳಲ್ಲ.’ ಮತ್ತೊಂದರಲ್ಲಿ ಆಟೋ, ಆಟೋದಿಂದ ಹೊರಗೆ ಬಂದ ಒಂದು ಕೈ. ಅದಕ್ಕೆ ಏನು ಬರೆಯಲಿ ಎಂದರೆ ಏನೂ ಬೇಡ ಎಂದಳು.

ಒಂದು ಪುಟ ಅಜ್ಜಿಯದು. ಗೋಧಿ ತಂದ ಯಾರೋ ಅಂದು ಬೇರೆಯವರ ರಾಗಿ ಹಿಟ್ಟು ನಮ್ಮ ಡಬ್ಬಕ್ಕೆ ಬಂತು ಎಂದು ರೇಗಿ ಹೋಗಿದ್ದರು. ಅಜ್ಜಿ ಅವರ ಬೆನ್ನಿಗೆ ಕೂಗಿದರು. “ಹಿಂದ್ಲೋರ್ದು ಒಂದು ಹಿಡಿ ಕಲ್ಲಲ್ಲಿ ಉಳ್ಕೊಂಡೇ ಉಳ್ಕೊತದೆ ಕಣಮ್ಮ. ನಿಂದೂ ಒಂದು ಹಿಡಿ ಮುಂದ್ಲೋರ ಡಬ್ಬಕ್ಕೆ ಹೋಯ್ತದೆ, ಅದಕ್ಕೆ ನೀನೇನ್ ಅಳ್ತೀಯಾ?” ಸಿಂಚನ ಅದನ್ನು ಬರೆದಳು. ಎರಡು ಡಬ್ಬ, ನಡುವೆ ಮಿಶನ್. ಒಂದರ ಮೇಲೆ ‘ನಿನ್ನೆ’, ಇನ್ನೊಂದರ ಮೇಲೆ ‘ಇವತ್ತು’. ಮೂರನೇ ಡಬ್ಬ ಬರೆದು ಅದಕ್ಕೆ ಹೆಸರು ಹಾಕಲಿಲ್ಲ. ನಾನು ‘ನಾಳೆ’ ಎಂದು ಬರೆಯಲಾ ಎಂದೆ.

“ಬೇಡ. ಆ ಪದ ಬೇಡ.”

ಕೊನೆಯ ಪುಟವನ್ನೂ ಖಾಲಿ ಬಿಟ್ಟಳು. ಅದು ಅಮ್ಮ ಬಂದ ಮೇಲೆ ಬರೆಯುವುದಂತೆ. ನಾನು ಅಷ್ಟನ್ನೂ ಅಂಗಡಿಗೆ ಒಯ್ದು, ಒಂದೊಂದು ಹಾಳೆಗೂ ದಪ್ಪ ಲ್ಯಾಮಿನೇಶನ್ ಹೊಡೆದು, ಸ್ಪೈರಲ್ ಹಾಕಿಸಿ ತಂದೆ. ಬಿಂದುವಿನ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ಅವಳ ಭುಜದ ಮೇಲೆ ಮದುವೆ ಫೋಟೊದ ಯಾರದೋ ಬೆರಳು ಕತ್ತರಿಸದೆ ಉಳಿದುಬಿಟ್ಟಿತ್ತು. ಈ ಸಲವಾದರೂ ಕೆಲಸ ಅಚ್ಚುಕಟ್ಟಾಗಿರಲಿ ಎಂಬುದು ನನ್ನ ಆಸೆ.

ಅಷ್ಟರಲ್ಲಿ ಪಕ್ಷ ಬಂತು. ಪಿತೃಪಕ್ಷಕ್ಕೆ ನಮ್ಮ ಕಡೆ ಹಾಗೇ ಅನ್ನುವುದು. ತೀರಿಹೋದವರಿಗೆ ಇಷ್ಟವಾದದ್ದೆಲ್ಲ ಮಾಡಿ, ಹೊಸ ಬಟ್ಟೆ ಇಟ್ಟು, ಎಲೆ ಹಾಕಿ ಎಡೆ ಬಡಿಸುತ್ತಾರೆ. ಆಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಸ್ವಲ್ಪ ಹೊತ್ತು ನಿಲ್ಲಬೇಕು. ಆಗ ತೀರಿಹೋದವರು ಒಳಗೆ ಬಂದು ಉಣ್ಣುತ್ತಾರೆ. ರಾಮಯ್ಯನವರಿಗೆ ಪ್ರತಿ ವರ್ಷ ಇಡುತ್ತಿದ್ದರು. ಈ ವರ್ಷ ಬಿಂದುಗೂ ಇಡಬೇಕು.

ಅಜ್ಜಿ ಈ ಮಾತನ್ನು ಮಂಗಳಮ್ಮನೊಂದಿಗೆ ಗುಟ್ಟಾಗಿ ಆಡಿದ್ದರಿಂದ ಸಿಂಚನಳಿಗೂ ಗೊತ್ತಾಯಿತು. ಎಡೆ ಇಟ್ಟರೆ ಅಮ್ಮ ಬರುತ್ತಾಳಾ ಎಂದು ಕೇಳಿದಳು. ಅಜ್ಜಿ ಬೆಲ್ಟ್ ಎಳೆದು ಮಿಶನ್ ಶುರು ಮಾಡಿದರು. ಆ ಸದ್ದಿನಲ್ಲಿ ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೇಳಿದರು. “ಕರೆದ್ರೆ ಕೂಸನ್ನ ಕರ್ಕೊಂಡು ಹೋದ್ರೆ ಅಂತ ಭಯ. ಕರೀದಿದ್ರೆ ನನ್ ಮಗ್ಳು ಹೊಟ್ಟೆಗಿಲ್ದೆ ಬೀದೀಲಿ ನಿಂತಿರ್ತಾಳಲ್ಲಪ್ಪ. ನಾನು ಯಾರ ತಾಯಿ ಅಂತ ನಿಂತ್ಕೊಳ್ಳಲಿ?”

ಉತ್ತರ ಗೊತ್ತಿದ್ದವನ ಹಾಗೆ ತಲೆ ಆಡಿಸಿದೆ.

ಅಮಾವಾಸ್ಯೆಯ ಸಂಜೆ ಅಜ್ಜಿ ಬಾಗಿಲು ತೊಳೆದರು. ಸೀಮೆಸುಣ್ಣದ ತುಂಡು ಬಾಗಿಲ ಚೌಕಟ್ಟಿನ ಮೇಲಿತ್ತು. ಅದನ್ನು ಮುಟ್ಟಲಿಲ್ಲ, ಎಸೆಯಲೂ ಇಲ್ಲ. ಸ್ವರೂಪನ ಲಾರಿ ಹುಬ್ಬಳ್ಳಿ ಹತ್ತಿರ ಕೆಟ್ಟು ನಿಂತಿತ್ತು, ಅವನು ಬರಲಾಗಲಿಲ್ಲ. ಎಲೆಯ ಮೇಲೆ ಮುದ್ದೆ, ಕೋಳಿಸಾರು, ವಡೆ, ಪಾಯಸ. ಬಿಂದುಗೆ ಫ್ಲೈಓವರ್ ಹತ್ತಿರದ ಗಾಡಿಯ ಗೋಬಿ ಮಂಚೂರಿ ಎಂದರೆ ಪ್ರಾಣ. ಕೋಳಿ ಮುಟ್ಟದವನು, ಅಡುಗೆಗೆ ಕೈ ಹಾಕುವಂತಿಲ್ಲ ಎಂಬ ಕಾರಣಕ್ಕೆ ಅದನ್ನು ತರುವ ಕೆಲಸ ನನಗೆ ಬಿತ್ತು. ಖಾರ ಜಾಸ್ತಿ ಹಾಕಿಸು ಎಂದು ಅಜ್ಜಿ ಬೀದಿ ತುದಿಯವರೆಗೂ ಕೂಗಿ ಹೇಳಿದರು.

ಫೋಟೊ ಮುಂದೆ ದೀಪ, ಹೊಸ ಸೀರೆ, ಎಲೆ. ಸಿಂಚನ ತನ್ನ ಪುಸ್ತಕ ತಂದು ಸೀರೆಯ ಮೇಲೆ ಮೊದಲ ಪುಟ ತೆರೆದು ಇಟ್ಟಳು.

“ಅಮ್ಮ ಬಾಗ್ಲು ಓದಿ ಹೋಗೋ ಬದ್ಲು ಇದನ್ನ ಓದ್ಲಿ. ಓದಿದ್ರೆ ಪುಟ ತಿರುಗಿರುತ್ತೆ. ಆಗ ಬಂದಿದ್ಲು ಅಂತ ಗೊತ್ತಾಗುತ್ತೆ.”

ಅಜ್ಜಿ ನನ್ನ ಮುಖ ನೋಡಿದರು. ನಾನು ಪುಸ್ತಕ ನೋಡಿದೆ. ಫ್ಯಾನು ಹಾಕಿದರೂ, ಬಿರುಗಾಳಿಯೇ ಬಂದರೂ ಮಿಸುಕದ ದಪ್ಪ ಲ್ಯಾಮಿನೇಶನ್ನು. ಜೀವನದಲ್ಲಿ ಒಂದೇ ಒಂದು ಕೆಲಸ ಗಟ್ಟಿಯಾಗಿ ಮಾಡಿದ್ದೆ, ಅದೂ ಇದು.

ಬಾಗಿಲು ಮುಚ್ಚಿದರು. ಅಜ್ಜಿ ಸಿಂಚನಳನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದು ನಿಂತರು. ಯಾರಾದರೂ ಕಿತ್ತುಕೊಂಡಾರು ಎಂಬ ಹಾಗೆ ಎರಡೂ ಕೈ ಕಟ್ಟಿದ್ದರು. ಮಂಗಳಮ್ಮ ತಮ್ಮ ಬಾಗಿಲಲ್ಲಿ ನಿಂತು ಕೈ ಮುಗಿದುಕೊಂಡಿದ್ದರು. ಬೀದಿಯ ನಾಯಿ ಕೂಡ ಆ ಕಡೆ ಸುಳಿಯಲಿಲ್ಲ. ಸಿಂಚನ ಬಾಗಿಲಿಗೆ ಕಿವಿ ಕೊಟ್ಟು, ಹಾಳೆಯ ಸದ್ದಿಗೆ ಕಾಯುತ್ತಿದ್ದಳು.

ಮಿಲ್ಲಿನ ಕೋಣೆಯಿಂದ ಮನೆಯೊಳಕ್ಕೆ ಒಂದು ಬಾಗಿಲಿದೆ. ಚಿಲಕ ಮಿಲ್ಲಿನ ಕಡೆಗೇ. ಒಂದೇ ಪುಟ. ಎರಡು ಹೆಜ್ಜೆ ಒಳಗೆ, ಬೆರಳಲ್ಲಿ ಎತ್ತಿ ಆ ಕಡೆ ಹಾಕಿದರಾಯಿತು. ಮಗು ನಗುತ್ತದೆ, ಊಟ ಮಾಡುತ್ತದೆ. ಸ್ಕೂಟರ್ ಕೀ ಮರೆತೆ ಎಂದು ಗೊಣಗಿ ಮಿಲ್ಲಿಗೆ ನುಗ್ಗಿದೆ. ಕತ್ತಲಲ್ಲಿ ಡಬ್ಬ ಎಡವಿ, ಚಿಲಕಕ್ಕೆ ಕೈ ಹಾಕಿದೆ.

“ಬ್ಯಾಡ ಕಣಪ್ಪ.”

ತಿರುಗಿದರೆ ಅಜ್ಜಿ. ಮಗುವನ್ನು ಮಂಗಳಮ್ಮನ ಕೈಗೆ ಕೊಟ್ಟು ಬಂದಿದ್ದರು. ಮಾತು ನನ್ನ ಕಿವಿಗೆ ಮಾತ್ರ ಮುಟ್ಟಿತ್ತು. ಅವರು ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಒಂದೇ ಪುಟ ಅಜ್ಜಿ. ಪಾಪ ಅದು.”

“ಪಾಪ ಅಂತಲೇ ಎಲ್ರೂ ಹೇಳಿದ್ವಲ್ಲ, ಬತ್ತಾಳೆ ಬತ್ತಾಳೆ ಅಂತ. ಇವತ್ತು ನೀನು ಪುಟ ತಿರುಗ್ಸು. ನಾಳೆ ಅವ್ಳು ಮತ್ತೆ ಲಾರಿಗಳ ಮಧ್ಯೆ ಹೋಗಿ ನಿಂತ್ಕೊತಾಳೆ. ಆಗ ಯಾರು ಹಿಡ್ಕೊಂಡು ಬರ್ತಾರೆ?” ನನ್ನ ಕೈಯನ್ನು ಚಿಲಕದಿಂದ ಬಿಡಿಸಿದರು. “ನಂಗೂ ಆಸೆ ಇಲ್ವಾ, ಆ ಪುಟ ತಿರುಗಿರ್ಲಿ ಅಂತ?”

ಅಜ್ಜಿಗೆ ಎರಡು ಭಯವಿತ್ತು: ಪುಟ ತಿರುಗಿದ್ದರೆ ಒಂದು, ತಿರುಗದಿದ್ದರೆ ಇನ್ನೊಂದು. ಬಾಗಿಲು ತೆಗೆಯುವಾಗ ಅವರ ಬಳೆ ಅಗುಳಿಗೆ ಬಡಿದು ಸದ್ದು ಮಾಡುತ್ತಲೇ ಇತ್ತು.

ದೀಪ ಉರಿಯುತ್ತಿತ್ತು. ಎಲೆ ಹಾಕಿದ ಹಾಗೇ ಇತ್ತು. ಬಸ್ಸಿಗಿಂತ ಎತ್ತರದ ಅಮ್ಮ ಇನ್ನೂ ಮೊದಲ ಪುಟದಲ್ಲೇ ಬಸ್ಸಿಳಿಯುತ್ತಿದ್ದಳು.

ಸಿಂಚನ ಹತ್ತಿರ ಹೋಗಿ ಬಗ್ಗಿ ನೋಡಿದಳು. “ಓದಿಲ್ಲ” ಎಂದಳು.

ಅಜ್ಜಿ ಅವಳ ಪಕ್ಕದಲ್ಲಿ ಕೂತರು. “ಓದಲ್ಲ ಕಣವ್ವ. ನಿಮ್ಮಮ್ಮ ಆಸ್ಪತ್ರೇಲಿಲ್ಲ. ಬಸ್ಸಲ್ಲೂ ಬರಲ್ಲ. ಅವತ್ತೇ ಸತ್ತೋದ್ಲು, ನಿನ್ನನ್ನ ಮಂಗಳಮ್ಮನ ಮನೇಲಿ ಕೂರಿಸಿದ್ವಲ್ಲ ಅವತ್ತು. ನಾವೆಲ್ಲ ಸುಳ್ಳು ಹೇಳಿದ್ವಿ. ನಾನು ಬಾಗ್ಲಲ್ಲಿ ಬರ್ದಿದ್ದೂ ತೆಪ್ಪು. ನೀನು ಬೈಯಿ, ಬೈಸ್ಕೊತೀನಿ.”

ಸಿಂಚನ ಬೈಯಲಿಲ್ಲ. ಎಲೆಯ ಕಡೆ ನೋಡಿದಳು. ಹೊರಗೆ ಮಂಗಳಮ್ಮ ಮೂಗು ಸೀಟಿಕೊಂಡದ್ದು ಕೇಳಿಸಿತು.

“ಹಂಗಾದ್ರೆ ಗೋಬಿ ಯಾರು ತಿಂತಾರೆ?”

“ನೀನೇ ತಿನ್ನು ಮಗ. ಎಡೇದು ಮನೆಯೋರೇ ತಿನ್ನಬೇಕು.”

ತಿಂದಳು. ಖಾರ ಜಾಸ್ತಿ ಹಾಕಿಸಿದ್ದೆ. ಕಣ್ಣಲ್ಲಿ ನೀರು ಬಂತು, ಆಮೇಲೆ ಖಾರಕ್ಕೆ ಬರುವಷ್ಟಕ್ಕಿಂತ ಹೆಚ್ಚು ಬಂತು, ಆಮೇಲೆ ಗೋಬಿ ಕೈಯಲ್ಲೇ ಹಿಡಿದುಕೊಂಡು ಬಾಯಿ ತೆರೆದು ಅತ್ತಳು. ಅಜ್ಜಿ ತಡೆಯಲಿಲ್ಲ. ಜುಲೈನಿಂದ ಆ ಮನೆಯಲ್ಲಿ ಇಬ್ಬರೂ ಜೋರಾಗಿ ಅತ್ತಿರಲಿಲ್ಲ. ಒಬ್ಬರಿಗೆ ಗೊತ್ತಾಗಬಾರದೆಂದು ಇನ್ನೊಬ್ಬರು ಅಡಗಿಸಿಕೊಂಡಿದ್ದರು.

ಅಳು ಮುಗಿದ ಮೇಲೆ ಸಿಂಚನ ಎಣ್ಣೆಗೈಯನ್ನು ಲಂಗಕ್ಕೆ ಒರೆಸಿ ಪುಸ್ತಕ ತೊಡೆಯ ಮೇಲೆ ಎಳೆದುಕೊಂಡಳು. ತಾನೇ ಪುಟ ತಿರುವಿ, ಫೋಟೊದ ಕಡೆ ಮುಖ ಮಾಡಿ ಓದಿ ಹೇಳತೊಡಗಿದಳು. ಬಸ್ಸು, ಜಡೆ, ಡಬ್ಬಗಳು. ಆಟೋದ ಪುಟದಲ್ಲಿ ಓದಲು ಏನೂ ಇರಲಿಲ್ಲ. ಆ ಕೈಯ ಮೇಲೆ ತನ್ನ ಕೈ ಇಟ್ಟಳು. ಕೊನೆಯ ಖಾಲಿ ಪುಟಕ್ಕೆ ಬಂದು ಪೆನ್ಸಿಲ್ ಕೇಳಿದಳು. ಪೆನ್ಸಿಲ್ ಜಾರಿತು. ಸ್ಕೆಚ್ ಪೆನ್ ಹಿಡಿಯಲಿಲ್ಲ. ಖಾಲಿ ಹಾಳೆಯನ್ನೂ ಬಿಡದೆ ಲ್ಯಾಮಿನೇಶನ್ ಹೊಡೆದು ತಂದಿದ್ದ ಬೃಹಸ್ಪತಿಯತ್ತ ಇಬ್ಬರೂ ತಿರುಗಿ ನೋಡಿದರು.

ಮಹಡಿಗೆ ಓಡಿ ಅಂಗಡಿಯ ಬೋರ್ಡಿನ ಮಾರ್ಕರ್ ತಂದೆ. ಅದು ಹಿಡಿಯಿತು. ಸಿಂಚನ ಒಂದು ತಟ್ಟೆ ಬರೆದಳು, ತಟ್ಟೆಯ ತುಂಬಾ ಒಂದು ದುಂಡಗಿನದು.

“ಅಜ್ಜಿ, ನಾಳೆ ರೊಟ್ಟಿ ಮಾಡ್ತೀಯಾ? ಉಪ್ಪಿಟ್ಟು ಬೇಡ.”

ಆ ಪದ ಅವಳ ಬಾಯಿಂದ ಬಂದದ್ದನ್ನು ಕೇಳಿ ಅಜ್ಜಿ ನನ್ನ ಕಡೆ ನೋಡಿದರು. ಆಮೇಲೆ ಬೀದಿಗೆಲ್ಲ ಕೇಳುವ ತಮ್ಮ ಎಂದಿನ ಗಂಟಲಲ್ಲಿ, “ಉಪ್ಪಿಟ್ಟಿಗೆ ಏನಾಗದೆ? ರವೆ ತಂದಿಟ್ಟಿರೋದು ಹುಳ ತಿನ್ಲಿ ಅಂತ್ಲಾ?” ಎಂದರು. ಮಂಗಳಮ್ಮ ತಮ್ಮ ಮನೆಯಿಂದಲೇ, “ಮಾಡ್ಕೊಡಮ್ಮ ರೊಟ್ಟಿನ” ಎಂದು ತೀರ್ಪು ಕೊಟ್ಟರು.

ಆ ಪುಟದ ಮೇಲೆ ಬರೆದದ್ದು ಒದ್ದೆ ಬಟ್ಟೆಗೆ ಅಳಿಸುತ್ತದೆ ಎಂದು ಸಿಂಚನ ಮರುದಿನವೇ ಕಂಡುಕೊಂಡಳು. ಈಗ ಮುಸ್ಸಂಜೆ ಬರೆಯುವವಳು ಅವಳು: ಸ್ಕೂಲಿನ ಆಟ, ಅಪ್ಪನ ಲಾರಿ, ಮಳೆ ಬರದಿರುವ ಆಕಾಶ. ಬೆಳಿಗ್ಗೆ ಲಂಗದ ಅಂಚಿನಿಂದ ಒರೆಸುತ್ತಾಳೆ. ಕೆಲವು ಸಂಜೆ ಅಮ್ಮನನ್ನೂ ಬರೆಯುತ್ತಾಳೆ. ಅವತ್ತು ಊಟ ನಿಧಾನವಾಗುತ್ತದೆ, ಅಜ್ಜಿ ಕಾಯುತ್ತಾರೆ.

ಚೌಕಟ್ಟಿನ ಮೇಲಿದ್ದ ಸೀಮೆಸುಣ್ಣದ ತುಂಡು ಮಿಲ್ಲಿಗೆ ಬಂದಿದೆ. ಯಾರ ಡಬ್ಬ ಯಾವುದೆಂದು ಅಜ್ಜಿ ಅದರಲ್ಲಿ ಹೆಸರು ಬರೆದುಕೊಳ್ಳುತ್ತಾರೆ. ಮೊನ್ನೆ ನನ್ನ ಜೋಳದ ಡಬ್ಬದ ಮೇಲೆ ‘ಹೆಡ್ಡು’ ಎಂದು ಬರೆದಿದ್ದರು. ಅವರಿಗೆ ಕಾರ್ಡು ಕೊಟ್ಟವನು ನಾನೇ, ಯಾರನ್ನು ದೂರಲಿ.